ಹಿರಿಯರಷ್ಟು ಶಾಖ

ಕೊಚ್ಕೊರ್, 12 ಅಕ್ಟೋಬರ್ 2003

‘ಹೊಲಿಗೆಯನ್ನು ಯಾರು ಬೇಕಾದರೂ ಕಲಿಸಬಹುದು, ಆದರೆ...’ ಎಂದು ನೀವು ಒಮ್ಮೆ ಶುರು ಮಾಡಿದ್ದಿರಿ, ಅಸಿಲ್ಕಾನ್ ಅಕ್ಕ. ಅಷ್ಟರಲ್ಲಿ ಯಾರೋ ಓವರ್‌ಲಾಕ್ ಯಂತ್ರ ಹಚ್ಚಿದರು. ‘ಆದರೆ’ಯ ಆಚೆಗಿದ್ದದ್ದು ಕೇಳಿಸಲಿಲ್ಲ. ಬಿಷ್ಕೆಕ್‌ನಲ್ಲಿ ನಿಮ್ಮ ಕೈಕೆಳಗೆ ಏಳು ವರ್ಷ ಕೂತವಳು ಮತ್ತೆ ಕೇಳಲೂ ಇಲ್ಲ. ಗಂಡ ಹೋದ ಮೇಲೆ ತವರೂರಿಗೆ ಬಂದು ನನ್ನದೇ ಹೊಲಿಗೆಮನೆ ಇಟ್ಟುಕೊಂಡಿದ್ದೇನೆ. ಈಗ ಆ ಅರ್ಧ ಮಾತು ಆಗಾಗ ನೆನಪಾಗುತ್ತದೆ.

ಹಳೆಯ ಸಹಕಾರಿ ಉಗ್ರಾಣದಲ್ಲಿ ಹನ್ನೊಂದು ಹೆಂಗಸರು ಕೂರುತ್ತೇವೆ. ನಿಮ್ಮ ಜೊತೆಯ ಹೊಲಿಗೆಮನೆಯವನಾದ ರಿಸ್ಕುಲ್ ಅಲ್ಲಿ ಬಿಷ್ಕೆಕ್‌ನಲ್ಲಿ ಕತ್ತರಿಸಿದ ಬಟ್ಟೆಯ ಗಂಟುಗಳು ಕೆನೆಶ್‌ನ ಲಾರಿಯಲ್ಲಿ ಬರುತ್ತವೆ. ಜೇಬು, ಒಳಬಟ್ಟೆ ಹೊಲಿದು ಅದೇ ಲಾರಿಗೆ ಹಾಕುತ್ತೇವೆ. ಆಮೇಲೆ ಅದನ್ನು ಯಾರು ತೊಡುತ್ತಾರೆ, ಜೇಬಿನ ಬಾಯಿ ಈ ವರ್ಷ ಯಾಕೆ ಓರೆಯಾಯಿತು, ನಮಗೆ ಗೊತ್ತಿಲ್ಲ. ಅದೆಲ್ಲ ಗೊತ್ತಾಗುವುದು ನಿಮ್ಮ ಶೆರಿನೆಯಲ್ಲಿ. ನೀವು ಆರು ಹೊಲಿಗೆಮನೆಯವರು ಚಳಿಗಾಲದಲ್ಲಿ ತಿಂಗಳಿಗೊಬ್ಬರ ಮನೆಯಲ್ಲಿ ಸರದಿಯೂಟಕ್ಕೆ ಸೇರುತ್ತೀರಿ. ಮಾಂಸ ಬೇಯುವಷ್ಟರಲ್ಲಿ ಯಾವ ದಾರ ತುಂಡಾಗುತ್ತದೆ, ಯಾವ ವ್ಯಾಪಾರಿಯ ಮಾತು ನಂಬಬಾರದು ಎಂಬುದೆಲ್ಲ ಬಾಯಿಂದ ಬಾಯಿಗೆ ದಾಟಿರುತ್ತದೆ. ನಾನು ಏಳು ವರ್ಷ ಅಲ್ಲಿ ಚಹಾ ಬಗ್ಗಿಸಿದ್ದೇನೆ. ಈಗ ಕೂರಲು ಒಂದು ಜಾಗ ಕೇಳುತ್ತಿದ್ದೇನೆ.

ಜಾಗ ಸಿಗದಿದ್ದರೆ ಇವರು ಒಬ್ಬೊಬ್ಬರಾಗಿ ರಷ್ಯಾಕ್ಕೆ ಹೋಗುತ್ತಾರೆ. ತುರ್ಸುನ್ ಎಂಬ ಹುಡುಗಿಗೆ ನೊವೊಸಿಬಿರ್ಸ್ಕ್‌ನಿಂದ ಕರೆ ಬಂದಿದೆ. ನಮ್ಮಲ್ಲಿ ಎಲ್ಲರಿಗಿಂತ ಚುರುಕಿನ ಕೈ ಅವಳದು. ಚಳಿಗಾಲ ಮುಗಿಯುವವರೆಗೆ ನಿಲ್ಲು ಎಂದು ಹೇಳಿ ನಿಲ್ಲಿಸಿಕೊಂಡಿದ್ದೇನೆ.

ಇವರಿಗೆ ನಿಮ್ಮ ಕತೆ ಕೇಳುವುದೆಂದರೆ ಇಷ್ಟ. ಗುಂಡಿ ಎಣಿಸುವಾಗ ನೀವು "ಎಂಬತ್ತೊಂಬತ್ತು, ಹಿರಿಯರು, ಹಿರಿಯರ ಮೇಲೊಂದು" ಎಂದದ್ದನ್ನೂ, ನಾನು ನಕ್ಕು ಬೈಸಿಕೊಂಡದ್ದನ್ನೂ, ನಿಮ್ಮ ಮಾವ ತೊಕ್ಸೊನ್‌ಬಾಯ್ ಅವರ ಹೆಸರಿನೊಳಗೆ ತೊಂಬತ್ತು ಕೂತಿದೆ ಎಂದು ನನಗೆ ಸಂಜೆ ಹೊಳೆದದ್ದನ್ನೂ ಹೇಳಬೇಕೆಂದಿದ್ದೇನೆ. ಇವರೆಲ್ಲ ಸೊಸೆಯರು, ಮಾವನ ಹೆಸರನ್ನು ಬಾಯಲ್ಲಿ ತರದವರು, ನಗುವುದಿಲ್ಲ.

ಅಂಚೆಕಚೇರಿಯ ಫೋನಿನಲ್ಲಿ ಇದನ್ನೆಲ್ಲ ಹೇಳಲಾಗದು, ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುತ್ತಾರೆ.

ನಿಮ್ಮ ಕಲಿಪಾ


ಬಿಷ್ಕೆಕ್, 4 ನವೆಂಬರ್ 2003

ಕಲಿಪಾ,

ಆ ಅರ್ಧ ಮಾತು ನನಗೂ ನೆನಪಿಲ್ಲ. ಅಷ್ಟು ಮುಖ್ಯವಾದದ್ದು ಇರಲಾರದು.

ನಿನ್ನ ವಿಷಯ ಎತ್ತಿದೆ. ರಿಸ್ಕುಲ್ ತಟ್ಟೆಯಿಂದ ತಲೆ ಎತ್ತದೆ, "ಬೆಟ್ಟದವ್ರಿಗೆ ಜೇಬು ಕಲಿಸಿ, ಕಾಲರ್ ಕಲಿಸಿ, ಆಮೇಲೆ ಗಿರಾಕಿ ಮನೆ ದಾರೀನೂ ತೋರ್ಸಿ. ನಾವು ಅವರ ಕುರಿ ಕಾಯೋಣ," ಎಂದ. ಎಲ್ಲರೂ ನಕ್ಕರು. ಅವನ ಹೆದರಿಕೆ ಸುಳ್ಳಲ್ಲ. ಈ ಕೂಟ ಕಟ್ಟುವ ಮೊದಲು ನಾವೂ ಒಬ್ಬರ ಕಾಲರನ್ನು ಇನ್ನೊಬ್ಬರು ಬಿಚ್ಚಿ ನೋಡಿ ಕದಿಯುತ್ತಿದ್ದವರೇ. ಕದಿಯುವುದಕ್ಕಿಂತ ಕೇಳುವುದು ಅಗ್ಗ ಎಂದು ತಿಳಿಯಲು ವರ್ಷಗಳು ಹಿಡಿದವು.

ಕೊನೆಗೆ ಹೀಗಾಯಿತು. ನೊವೊಸಿಬಿರ್ಸ್ಕ್‌ನ ವ್ಯಾಪಾರಿಗೆ ರೆಕ್ಸಿನ್ ಜಾಕೆಟ್ ಬೇಕಾಗಿದೆ, ನಮ್ಮ ಕೈ ಸಾಲದು. ಕಾಲರ್ ಮತ್ತು ಜೇಬಿನ ಮುಚ್ಚಳಕ್ಕೆ ಕ್ಯಾನ್ವಾಸ್ ಅಂಟಿಸುವ ಕೆಲಸ ನಿಮಗೆ ಬರುತ್ತದೆ. ಶಾಖ ಕೊಟ್ಟು ಒತ್ತುವ ನನ್ನ ಹಳೆಯ ಪ್ರೆಸ್ಸನ್ನು ಕೆನೆಶ್ ತರುತ್ತಾನೆ. ಇದು ಸರಿಯಾದರೆ ವಸಂತದಿಂದ ನಿನಗೆ ಜಾಗ. ರಿಸ್ಕುಲ್ ಕೂಡ ತಲೆಯಾಡಿಸಿದ್ದಾನೆ.

ಈ ಕ್ಯಾನ್ವಾಸ್ ಬೇರೆ ತರಹದ್ದು, ಇಸ್ತ್ರಿಯ ಶಾಖ ತಡೆಯುವುದಿಲ್ಲ. ಒಂದು ಗಂಟು ಹಾಳುಮಾಡಿಕೊಂಡು ಕಲಿತೆವು. ಹೆಚ್ಚಾದರೆ ರೆಕ್ಸಿನ್ ಗುಳ್ಳೆ ಏಳುತ್ತದೆ, ಕಡಿಮೆಯಾದರೆ ಅಂಟು ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಪ್ರೆಸ್ಸಿನ ಶಾಖ ಹಿರಿಯರಷ್ಟು ಇರಲಿ. ಕೆಳಗೂ ಬೇಡ, ಮೇಲೂ ಬೇಡ. ಈಗ ಕೂಟದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. "ಹಿರಿಯರು ಬಂದ್ರಾ?" ಎಂದು ರಿಸ್ಕುಲ್ ಕೂಗಿದರೆ ಅವನ ಹುಡುಗಿಯರು ಪ್ರೆಸ್ ನೋಡುತ್ತಾರೆ. ನನ್ನ ಮಾವ ಇದ್ದಿದ್ದರೆ ಏನನ್ನುತ್ತಿದ್ದರೋ.

ಡಿಸೆಂಬರಿನ ಶೆರಿನೆ ನನ್ನ ಮನೆಯಲ್ಲಿ. ಬಾ.

ಅಸಿಲ್ಕಾನ್


ಕೊಚ್ಕೊರ್, 29 ನವೆಂಬರ್ 2003

ಅಕ್ಕ,

ಪ್ರೆಸ್ ಬಂತು. ಇಳಿಸುವಾಗ ಊರಿನ ಅರ್ಧ ಗಂಡಸರು ಸೇರಿದ್ದರು, ಎತ್ತಿದವರು ಮೂರು ಜನ. ಗಂಟುಗಳೂ ಬಂದಿವೆ. ನಿಮ್ಮ ಕಾಗದದಲ್ಲಿ ಕೆಲಸದ ವಿಷಯ ಇರುವ ಹಾಳೆಯನ್ನು ಪ್ರೆಸ್ಸಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ತುರ್ಸುನ್‌ಗೆ ಎಲ್ಲ ಒಪ್ಪಿಸಿ ನಾಳೆ ಕೆನೆಶ್ ಜೊತೆ ಹೊರಡುತ್ತೇನೆ. "ನೀವು ಹೋಗಿ ಊಟ ಮಾಡ್ಕೊಂಡು ಬನ್ನಿ, ನಾವು ದುಡೀತಿರ್ತೀವಿ," ಎಂದಳು. "ಮೂಳೆ ಏನಾದ್ರೂ ಉಳಿದ್ರೆ ತನ್ನಿ."

ಅವಳು ನೊವೊಸಿಬಿರ್ಸ್ಕ್‌ಗೆ ಬರುವುದಿಲ್ಲ ಎಂದು ಬರೆದು ಹಾಕಿದ್ದಾಳೆ. ಜಾಕೆಟ್ ಅಲ್ಲಿಗೆ ಹೋಗಲಿ, ನಾನು ಇಲ್ಲೇ ಇರುತ್ತೇನೆ ಎಂದು ಬರೆದಳಂತೆ.

ಕಲಿಪಾ


ಕೊಚ್ಕೊರ್, 23 ಡಿಸೆಂಬರ್ 2003

ಅಕ್ಕ,

ವಾಪಸು ಬರುವಾಗ ಬೂಮ್ ಕಣಿವೆಯಲ್ಲಿ ಬಂಡೆ ಉರುಳಿ ದಾರಿ ಕಟ್ಟಿತ್ತು. ಟೊಕ್ಮೊಕ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕೂತು ದಾರಿ ಬಿಡುವುದನ್ನು ಕಾದೆ. ಊರು ಸೇರುವಷ್ಟರಲ್ಲಿ ಕೆಲಸ ಮುಗಿದು ಗಂಟುಗಳು ಬೇರೆ ಲಾರಿಯಲ್ಲಿ ನಿಮ್ಮ ಕಡೆಗೆ ಹೊರಟಾಗಿತ್ತು. ಉಳಿದ ಒಂದು ಕಾಲರನ್ನು ತುರ್ಸುನ್ ತೋರಿಸಿದಳು. ಗುಳ್ಳೆಯಿಲ್ಲ, ಸುಕ್ಕಿಲ್ಲ. ಚೆನ್ನಾಗಿದೆ ಎಂದೆ. ಎಲ್ಲರೂ ಎದ್ದು ನಿಂತಿದ್ದರು, ನಾನು ಹಾಗೆಂದ ಮೇಲೆ ಕೂತರು.

ನಿಮ್ಮ ಮನೆಯ ಊಟ ಇನ್ನೂ ನಾಲಿಗೆಯ ಮೇಲಿದೆ. ಒಂದು ಮಾತು ಬರೆಯಬೇಕೋ ಬೇಡವೋ ತಿಳಿಯದು. ನಿಮ್ಮ ಕೂಟದ ಮಾತು ನನಗೆ ಪೂರ್ತಿ ಹಿಡಿಯಲಿಲ್ಲ. ಅರ್ಧಕ್ಕೇ ಎಲ್ಲರೂ ನಗುತ್ತಿದ್ದರು. ರಿಸ್ಕುಲ್ "ಹೋದ ಸಲದ ಹಸಿರು" ಎಂದ, ನೀವೆಲ್ಲ ತಲೆಯಾಡಿಸಿದಿರಿ, ಒಂದು ವ್ಯವಹಾರವೇ ತೀರ್ಮಾನವಾಯಿತು. ಬಾಗಿಲ ಬಳಿ ಕೂತಿದ್ದ ನಾನೂ ತಲೆಯಾಡಿಸಿದೆ. ಯಾವ ಹಸಿರು ಎಂದು ಕೇಳಬಹುದಿತ್ತು. ಕೇಳಿದರೆ ಕೂರಲು ಯೋಗ್ಯಳಲ್ಲ ಎಂದಾಗುತ್ತದೇನೋ ಎನ್ನಿಸಿತು. ಜಾಗ ಸಿಕ್ಕ ಮೇಲೆ ಇದೂ ತಾನಾಗಿ ಬರುತ್ತದೆ ಎಂದುಕೊಂಡಿದ್ದೇನೆ.

ಕಲಿಪಾ


ಬಿಷ್ಕೆಕ್, 9 ಫೆಬ್ರವರಿ 2004

ಕಲಿಪಾ,

ಜಾಕೆಟ್‌ಗಳು ವಾಪಸು ಬಂದಿವೆ. ಒಂದು ಹಿಡಿದು ನೋಡಿದೆ. ಕಾಲರ್ ಹೊರಗಿನಿಂದ ನೆಟ್ಟಗಿದೆ, ಒಳಗೆ ಕ್ಯಾನ್ವಾಸ್ ಬಿಟ್ಟುಕೊಂಡು ಮುದುರಿದೆ. ಸೈಬೀರಿಯಾದ ಚಳಿ ತಾಗಿದ ಮೊದಲ ವಾರವೇ ಹೀಗಾಯಿತಂತೆ. ವ್ಯಾಪಾರಿ ಈ ಗಂಟನ್ನಷ್ಟೇ ಅಲ್ಲ, ಆರೂ ಹೊಲಿಗೆಮನೆಗಳ ಮಾಲನ್ನು ಬಿಟ್ಟ. ನಮ್ಮೆಲ್ಲರ ಗುರುತು ಒಂದೇ ಚೀಟಿಯ ಮೇಲೆ ತಾನೆ ಇರುವುದು.

ಕೂಟ ಸೇರಿತ್ತು. ಊಟವಿರಲಿಲ್ಲ. "ಕರೆಂಟ್ ಉಳ್ಸಕ್ಕೆ ತಣ್ಣಗೆ ಒತ್ತಿದ್ದಾರೆ, ಇದರಲ್ಲಿ ಮಾತಾಡೋದೇನಿದೆ?" ಎಂದ ರಿಸ್ಕುಲ್. ಬೇರೆಯವರು ನನ್ನ ಮುಖ ನೋಡಿದರು. ನಿನ್ನನ್ನು ತಂದವಳು ನಾನಲ್ಲವೇ.

ಪ್ರೆಸ್ಸನ್ನು ಎಷ್ಟಕ್ಕೆ ಇಟ್ಟಿದ್ದಿರಿ? ನಿಜ ಬರೆ. ನಿಜವಾದರೆ ಏನಾದರೂ ಮಾಡಬಹುದು.

ಅಸಿಲ್ಕಾನ್


ಕೊಚ್ಕೊರ್, 14 ಫೆಬ್ರವರಿ 2004

ಅಕ್ಕ,

ನೀವು ಬರೆದಷ್ಟಕ್ಕೇ ಇಟ್ಟಿದ್ದರು. ಹಾಳೆ ಇನ್ನೂ ಗೋಡೆಯ ಮೇಲಿದೆ.

ಕರೆಂಟ್ ಉಳಿಸಿದರು ಎಂದು ಹೇಳಿದವನು ಒಂದು ಸಲ ಇಲ್ಲಿಗೆ ಬರಲಿ. ಇವರು ಮನೆಯ ದೀಪ ಆರಿಸಿ ಬಂದು ಆ ಯಂತ್ರ ಉರಿಸಿದವರು. ನಿಮ್ಮ ಕ್ಯಾನ್ವಾಸೇ ಕೆಟ್ಟದ್ದಿರಬಹುದು. ಅದನ್ನು ಯಾರಾದರೂ ನೋಡಿದರೇ? ತಪ್ಪು ದೂರದವರ ಬಳಿ ಇದ್ದರೆ ಎಲ್ಲರಿಗೂ ಅನುಕೂಲ.

ಸಿಟ್ಟಿನಲ್ಲಿ ಬರೆದೆ. ಹರಿದುಹಾಕುವುದಿಲ್ಲ, ಕಳಿಸುತ್ತೇನೆ.

ಕಲಿಪಾ


ಕೊಚ್ಕೊರ್, 20 ಫೆಬ್ರವರಿ 2004

ಅಕ್ಕ,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಹಿಂದಿನ ಕಾಗದವನ್ನು ಮರೆತುಬಿಡಿ.

ನಿನ್ನೆ ತುರ್ಸುನ್‌ಳನ್ನು ಪ್ರೆಸ್ಸಿನ ಮುಂದೆ ನಿಲ್ಲಿಸಿ ಕೇಳಿದೆ.

"ಎಷ್ಟಕ್ಕಿಟ್ಟಿದ್ದೆ?"

"ಅವ್ರು ಬರೆದಿದ್ರಲ್ಲ, ಅಷ್ಟಕ್ಕೆ."

"ಅಂಕಿ ಹೇಳು."

"ನನ್ ಬಾಯಲ್ಲಿ ಹೇಳಿಸ್ತೀರಾ?"

"ಯಾಕೆ, ಏನಾಗತ್ತೆ?"

"ಮಾವನವ್ರ ಹೆಸರು ಕಣಕ್ಕ ಅದು."

ನಿನ್ನ ಮಾವ ಯಾವಾಗ ತೊಕ್ಸೊನ್‌ಬಾಯ್ ಆದರು ಎಂದು ನಗುತ್ತ ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ನಗುವುದನ್ನು ನಿಲ್ಲಿಸಿದೆ. ಅವಳು ಶಾಖದ ಗುಂಡಿಯ ಮೇಲೆ ಬೆರಳಿಟ್ಟು ತೋರಿಸಿದಳು. ಬೆರಳು ಇದ್ದದ್ದು ಅರವತ್ತರ ಮೇಲೆ.

ಅವಳ ಮಾವ ಅಲ್ತಿಮಿಷ್. ಆ ಹೆಸರಿನೊಳಗೆ ಕೂತಿರುವುದು ಅರವತ್ತು. ಇಲ್ಲಿ ಹೊಲಿಯುವ ಹತ್ತೂ ಹೆಂಗಸರು ಅವರದೇ ಕುಲದ ಸೊಸೆಯರು. ಗೋಡೆಯ ಹಾಳೆಯಲ್ಲಿ ‘ಹಿರಿಯರಷ್ಟು’ ಎಂದು ಓದಿದಾಗ ಇವರಿಗೆ ಬೇರೆ ಯಾರು ನೆನಪಾಗಬೇಕು? "ಬಿಷ್ಕೆಕ್‌ನವ್ರಿಗೂ ನಮ್ಮ ಯಜಮಾನ್ರು ಗೊತ್ತಾ ಅಂತ ಅವತ್ತು ನಗಾಡಿದ್ವಿ," ಎಂದಳು ಒಬ್ಬಳು. ಒಬ್ಬಳಾದರೂ ಅಂಕಿಯನ್ನು ಬಾಯಿಬಿಟ್ಟು ಹೇಳಿದ್ದರೆ ಇನ್ನೊಬ್ಬಳಿಗೆ ಅನುಮಾನ ಬರುತ್ತಿತ್ತೋ ಏನೋ. ಯಾರೂ ಹೇಳುವಂತಿರಲಿಲ್ಲ. ಹನ್ನೊಂದು ಜನರಲ್ಲಿ ಆ ಅಂಕಿಯನ್ನು ಉಚ್ಚರಿಸಬಹುದಾದ ಒಬ್ಬಳು ನಾನು, ಈ ಊರಿನ ಮಗಳು. ನಾನು ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಗುಂಡಿ ಎಣಿಸಿದ ಕತೆಯನ್ನು ಇವರಿಗೆ ಹೇಳಬೇಕೆಂದಿದ್ದವಳು ಹೇಳಿಯೂ ಇರಲಿಲ್ಲ.

"ಶಾಖ ಸಾಲ್ದು ಅನ್ನಿಸ್ಲಿಲ್ವಾ?" ಎಂದೆ.

"ಅನ್ನಿಸ್ತು. ಒದ್ದೆ ಬಟ್ಟೆ ಇಟ್ರೆ ಹಬೆನೇ ಏಳಲ್ಲ. ರೆಕ್ಸಿನ್ ಅಲ್ವಾ, ಮೆತ್ತಗೇ ಒತ್ತಬೇಕೇನೋ ಅಂದ್ಕೊಂಡೆ. ಬರೆದವ್ರು ಅಷ್ಟು ದೊಡ್ಡೋರು."

ಇದು ಯಾರೊಬ್ಬರ ತಪ್ಪೂ ಅಲ್ಲ. ಕರೆಂಟ್ ಉಳಿಸಿದ್ದಲ್ಲ, ಕಳ್ಳತನವಲ್ಲ, ಸೋಮಾರಿತನವಲ್ಲ. ಈ ಕಾಗದವನ್ನು ಕೂಟದಲ್ಲಿ ಓದಿ ಹೇಳಿ. ನಗಲಿ ಬೇಕಾದರೆ. ನಕ್ಕ ಮೇಲೆ ಇನ್ನೊಂದು ಗಂಟು ಕಳಿಸಲಿ, ಕೂಲಿಯಿಲ್ಲದೆ ಒತ್ತಿಕೊಡುತ್ತೇವೆ. ತುರ್ಸುನ್ ತಾನೇ ಹಾಗೆ ಬರೆಯಲು ಹೇಳಿದ್ದಾಳೆ.

ಕಲಿಪಾ


ಬಿಷ್ಕೆಕ್, 2 ಏಪ್ರಿಲ್ 2004

ಕಲಿಪಾ,

ತಡವಾಯಿತು. ಉತ್ತರವನ್ನು ಎರಡು ಸಲ ಬರೆದು ಬಿಟ್ಟಿದ್ದೆ.

ಇನ್ನು ಕೊಚ್ಕೊರಿಗೆ ಗಂಟು ಬರುವುದಿಲ್ಲ. ಕೂಟದ ತೀರ್ಮಾನ. ಪ್ರೆಸ್ಸನ್ನು ಕೆನೆಶ್ ಬಂದಾಗ ಅವನ ಲಾರಿಗೆ ಹಾಕಿಬಿಡು.

ನಿನ್ನ ಕಾಗದವನ್ನು ನಾನು ಓದಿ ಹೇಳಲಿಲ್ಲ. ಮಡಚಿ ಇಟ್ಟುಕೊಂಡು ಹೋಗಿದ್ದೆ. ಅಂದು ಮೂರು ಹೊಲಿಗೆಮನೆಯವರು ಕೂಟ ಬಿಟ್ಟು ಬೇರೆ ವ್ಯಾಪಾರಿಯನ್ನು ನೋಡಿಕೊಳ್ಳುವ ಮಾತಾಡುತ್ತಿದ್ದರು. ತಪ್ಪು ಹೊರಗಿನದು ಎಂದು ನಂಬಿದ್ದರಿಂದಲೇ ಅವರು ಎದ್ದು ಹೋಗದೆ ಕೂತಿದ್ದರು. ಅದು ನಮ್ಮ ಮಾತಿನೊಳಗಿಂದಲೇ, ನನ್ನ ಬಾಯಿಂದಲೇ ಹೊರಟದ್ದು ಎಂದು ತಿಳಿದರೆ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವುದು ನಿಲ್ಲುತ್ತಿತ್ತು. ಆರು ಮನೆ ಚದುರಿದರೆ ಎಷ್ಟು ಹೆಂಗಸರ ಕೆಲಸ ಹೋಗುತ್ತದೆ ನಿನಗೆ ಗೊತ್ತು. ನಿನ್ನ ಕಡೆ ಹನ್ನೊಂದು.

ನನ್ನನ್ನು ನಾನು ಸಮರ್ಥಿಸಿಕೊಳ್ಳುತ್ತಿಲ್ಲ. ಹೇಗಾಯಿತು ಎಂದು ಬರೆದೆ.

ನೂರುಜ್ ಹಬ್ಬಕ್ಕೆ ಗೋಧಿ ಮೊಳಕೆಯ ಸುಮಲಕ್ ಪಾಯಸ ಕುದಿಸಿದ್ದೆವು. ನಿನ್ನ ಪಾಲನ್ನು ಯಾರ ಕೈಲಿ ಕಳಿಸುವುದೆಂದು ತಿಳಿಯಲಿಲ್ಲ.

ಅಸಿಲ್ಕಾನ್


ಕೊಚ್ಕೊರ್, 18 ಮೇ 2004

ಅಕ್ಕ,

ಪ್ರೆಸ್ ಕಳಿಸಿದ್ದೇನೆ, ತಲುಪಿರಬೇಕು. ಉಗ್ರಾಣಕ್ಕೆ ಬೀಗ ಹಾಕಿದೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮುದುಕ ಅಲ್ತಿಮಿಷ್ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು. "ಏನಮ್ಮಾ, ನನ್ನ ಹೆಸರಿಂದ ನಿಮ್ಮ ಅಂಗಡಿ ಮುಚ್ತಂತೆ?" ಎಂದರು. "ನಾನು ಹುಟ್ದಾಗ ನಮ್ಮಪ್ಪಂಗೆ ಅರವತ್ತು, ಅದನ್ನೇ ಹೆಸರಿಟ್ಬಿಟ್ರು. ಇನ್ನೊಂದು ಮೂವತ್ತು ವಯಸ್ಸಾಗಿದ್ರೆ ನೀವೆಲ್ಲ ಉದ್ಧಾರ ಆಗ್ತಿದ್ರಿ." ತುರ್ಸುನ್ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವರು ತಮಾಷೆ ಮಾಡಿದ್ದು ಅವಳಿಗಾಗಿ. ಅವಳಿಗೆ ನಗು ಬರಲಿಲ್ಲ.

ಬೇರೆ ಹೊಲಿಗೆಮನೆಗಳಿಗೆ ಬರೆದು ಕೆಲಸ ಕೇಳಿದೆ. ಟೊಕ್ಮೊಕ್‌ನವರು, ಕಾಂಟ್‌ನವರು. ಎಲ್ಲರಿಗೂ ಸುದ್ದಿ ಮುಟ್ಟಿದೆ. ನಿಮ್ಮ ಕೂಟದಿಂದ ಮಾತು ಹೊರಗೆ ಹೋಗುವುದಿಲ್ಲ ಎಂದುಕೊಂಡಿದ್ದೆ. ಇದು ಹೋಗಿದೆ. ತಣ್ಣಗೆ ಒತ್ತುವವರು ಎಂದು ನಮಗೆ ಹೆಸರಂತೆ.

ಮೂರು ಜನ ನೊವೊಸಿಬಿರ್ಸ್ಕ್‌ಗೆ ಹೊರಟಿದ್ದಾರೆ. ಅವರಲ್ಲಿ ತುರ್ಸುನ್ ಒಬ್ಬಳು. ಮಗಳನ್ನು ಅತ್ತೆಯ ಬಳಿ ಬಿಟ್ಟು ಹೋಗುತ್ತಿದ್ದಾಳೆ.

ಕಲಿಪಾ


ಬಿಷ್ಕೆಕ್, 26 ಸೆಪ್ಟೆಂಬರ್ 2004

ಕಲಿಪಾ,

ಬೇಸಿಗೆಯಿಡೀ ನಿನ್ನ ಕಾಗದವಿಲ್ಲ. ನನ್ನದೂ ಇಲ್ಲ. ಆದರೂ ನಿನ್ನದೇ ಮೊದಲು ಬರಬಹುದೆಂದು ಕಾದೆ. ಹಿರಿತನದಿಂದ ಅಂಟಿದ ಚಾಳಿ.

ಕೂಟ ಉಳಿಯಿತು. ಓಮ್ಸ್ಕ್‌ನ ಒಬ್ಬ ವ್ಯಾಪಾರಿ ಸಿಕ್ಕಿದ್ದಾನೆ, ಮೊದಲಿನವನಿಗಿಂತ ದೊಡ್ಡವನು. ಈಗ ನಾವು ಕೆಲಸ ಮಾಡುವ ರೀತಿಯೇ ಬದಲಾಗಿದೆ. ಎಲ್ಲ ಪ್ರೆಸ್ಸುಗಳ ಮೇಲೂ ಶಾಖದ ಜಾಗದಲ್ಲಿ ಕೆಂಪು ಬಣ್ಣದ ಗೆರೆ ಎಳೆದಿದ್ದೇವೆ. ಗೆರೆಯನ್ನು ಯಾವ ಸೊಸೆ ಬೇಕಾದರೂ ತೋರಿಸಬಹುದು. ಪ್ರತಿ ಗಂಟಿನ ಜೊತೆ ಒತ್ತಿದ ಒಂದು ಮಾದರಿ ಹೋಗುತ್ತದೆ. ಟೊಕ್ಮೊಕ್‌ನ ಒಂದು ಹೊಲಿಗೆಮನೆಯನ್ನು ಸೇರಿಸಿಕೊಂಡೆವು. ನಮ್ಮ ಕಡೆಯ ಹುಡುಗಿಯೊಬ್ಬಳು ಅಲ್ಲಿ ಉಳಿದು, ಅವರ ಕೈ ನೋಡಿ, ಅವರ ಮಾತು ಕಲಿತು ಬಂದಳು. ಇದೆಲ್ಲ ಎಲ್ಲಿಂದ ಹೊಳೆಯಿತು ಎಂದು ಯಾರೂ ಕೇಳಲಿಲ್ಲ. ಒಂದೇ ಮಾತು ಎರಡು ಊರಿನಲ್ಲಿ ಎರಡಾಗಬಹುದು ಎಂದಷ್ಟೇ ನಾನು ಹೇಳಿದ್ದೆ.

ಹೋದ ವಾರ ರಿಸ್ಕುಲ್ ಒಳ್ಳೆಯ ಮನಸ್ಸಿನಲ್ಲಿದ್ದ. "ಕೆಟ್ಟ ಆ ಒಂದು ಗಂಟು ಕಲಿಸಿದಷ್ಟು ನಾವು ಇಷ್ಟು ವರ್ಷ ಕೂತು ತಿಂದಿದ್ರಲ್ಲಿ ಕಲಿತಿಲ್ಲ. ಕೊಚ್ಕೊರಿನವ್ರಿಗೆ ಒಂದು ಕುರಿ ಕಳಿಸ್ಬೇಕು ಕಣ್ರೀ," ಎಂದ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ನಿನ್ನ ಹೆಸರೆತ್ತಿದೆ. ಯಾರೂ ಬೇಡವೆನ್ನಲಿಲ್ಲ.

ಜಾಗ ಇದೆ, ಕಲಿಪಾ. ಬಾಗಿಲ ಬಳಿ ಅಲ್ಲ, ನನ್ನ ಪಕ್ಕದಲ್ಲಿ. ಉಗ್ರಾಣ ತೆರೆ. ರಷ್ಯಾಕ್ಕೆ ಹೋದವರನ್ನು ಕರೆಸಿಕೋ. ಚುರುಕು ಕೈಯವಳು ಎಂದು ಬರೆದಿದ್ದೆಯಲ್ಲ, ಆ ಹುಡುಗಿಯನ್ನು ಮೊದಲು ನನ್ನ ಬಳಿ ಕಳಿಸು, ನಾನೇ ಕೂರಿಸಿಕೊಂಡು ಕಲಿಸುತ್ತೇನೆ. ಅವಳ ದಾರಿಖರ್ಚು ಕೂಟದ್ದು.

ಅಸಿಲ್ಕಾನ್


ಕೊಚ್ಕೊರ್, 17 ಅಕ್ಟೋಬರ್ 2004

ಅಕ್ಕ,

ನಿಮ್ಮ ಕಾಗದವನ್ನು ಕೆನೆಶ್ ತಂದುಕೊಟ್ಟಾಗ ನಾನು ತುರ್ಸುನ್‌ಳ ಮನೆಯ ಅಂಗಳದಲ್ಲಿ ಹಿಟ್ಟು ಕಲಸುತ್ತಿದ್ದೆ. ಬಂದವರಿಗೆ ಬೋರ್ಸೋಕ್ ಕರಿಯಬೇಕಿತ್ತು. ಕೈ ತೊಳೆದು ಓದಿದೆ, ಮತ್ತೆ ಹಿಟ್ಟಿಗೆ ಕೈಹಾಕಿದೆ.

ಅವಳ ದೇಹವನ್ನು ಅದರ ಹಿಂದಿನ ದಿನ ನೊವೊಸಿಬಿರ್ಸ್ಕ್‌ನಿಂದ ತಂದಿದ್ದರು. ಅಲ್ಲಿ ಮಾರುಕಟ್ಟೆಯ ಕೆಳಗಿನ ನೆಲಮಾಳಿಗೆಯಲ್ಲಿ ಹೊಲಿಯುತ್ತಿದ್ದರಂತೆ, ಮಲಗುವುದೂ ಯಂತ್ರಗಳ ನಡುವೆಯೇ. ಪೊಲೀಸರು ಬಂದಾರೆಂದು ಮಾಲೀಕ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದ. ಚಳಿ ಬೇಗ ಬಿತ್ತು. ಕಲ್ಲಿದ್ದಲಿನ ಒಲೆಯ ಕೊಳವೆ ಕಟ್ಟಿ ಹೊಗೆ ಒಳಗೇ ತುಂಬಿತು. ನಮ್ಮೂರಿನ ಉಳಿದ ಇಬ್ಬರು ಬಾಗಿಲ ಬಿರುಕಿನ ಹತ್ತಿರ ಮಲಗಿದ್ದರಿಂದ ಬದುಕಿದರು. ಆ ಜಾಗವನ್ನು ಅವರಿಗೆ ಬಿಟ್ಟುಕೊಟ್ಟವಳು ಇವಳೇ ಎಂದು ಒಬ್ಬಳು ಹೇಳುತ್ತಾಳೆ, ಇನ್ನೊಬ್ಬಳು ಹಾಗಲ್ಲ ಎನ್ನುತ್ತಾಳೆ. ನಾನು ಮತ್ತೆ ಕೇಳಿಲ್ಲ.

ನಿಮ್ಮ ಕೂಟದ ಮೇಲೆ ನನಗೆ ಸಿಟ್ಟಿದೆಯೇ ಎಂದು ನೋಡಿಕೊಂಡೆ. ಇಲ್ಲ. ನೀವು ಚೆನ್ನಾಗಿ ಕಲಿತಿದ್ದೀರಿ. ಗೆರೆ ಒಳ್ಳೆಯದು, ಮಾದರಿ ಒಳ್ಳೆಯದು, ಹುಡುಗಿಯನ್ನು ಕಳಿಸಿ ಮಾತು ಕಲಿಸಿಕೊಂಡದ್ದು ಎಲ್ಲಕ್ಕಿಂತ ಒಳ್ಳೆಯದು. ಆ ಹುಡುಗಿಯನ್ನು ಮೊದಲು ಇಲ್ಲಿಗೆ ಕಳಿಸಬಹುದಿತ್ತು ಎಂಬ ಒಂದೇ ಮಾತು ಉಳಿದಿದೆ.

ನಿಮ್ಮ ಪಕ್ಕದ ಜಾಗ ನನಗೆ ಬೇಡ. ಆದರೆ ಇಲ್ಲಿನ ಏಳು ಹೆಂಗಸರು ಉಗ್ರಾಣದ ಬೀಗದ ಕೈ ಕೇಳುತ್ತಿದ್ದಾರೆ. ಅವರಿಗೆ ಬೇಡ ಎನ್ನುವ ಹಕ್ಕು ನನಗಿಲ್ಲ. ಗಂಟು ಕಳಿಸಿ. ಅವರಲ್ಲೊಬ್ಬಳು ಬಂದು ಕೂರುತ್ತಾಳೆ. ಅವಳು ತಲೆಯಾಡಿಸಿದರೆ ಅರ್ಥವಾಯಿತು ಎಂದುಕೊಳ್ಳಬೇಡಿ.

ಇದನ್ನು ಉಗ್ರಾಣದಲ್ಲಿ ಕೂತು ಬರೆಯುತ್ತಿದ್ದೇನೆ. ತುರ್ಸುನ್ ಕೂರುತ್ತಿದ್ದ ಕಿಟಕಿಯ ಬಳಿ ಬೆಳಕು ಚೆನ್ನಾಗಿದೆ. ಇನ್ನು ಬರೆಯುತ್ತಿರುವುದು ನಿಮಗಲ್ಲ, ಅಕ್ಕ, ಕಾಗದ ಮಾತ್ರ ನಿಮ್ಮದು. ತುರ್ಸುನ್, ಆ ಬೀಗ ಹಾಕಿದ ಮನೆಯಲ್ಲಿ ಒಲೆಯ ಹೊಗೆ ಸರಿಯಿಲ್ಲ ಅಂತ ನಿನ್ನಂಥವಳಿಗೆ ಅನ್ನಿಸದೇ ಇರಲ್ಲ. ಅನ್ನಿಸಿದಾಗ, ಅದನ್ನ ಯಾರಿಗೆ ಹೇಳ್ಬೇಕು ಅಂತ ನಿಂಗೆ ಗೊತ್ತಿತ್ತಾ?